ಮಗು ಕೇಳುವುದನ್ನು ನಿಲ್ಲಿಸುವ ಮುನ್ನ

(ಓದಿ: ಲೂಕನ ಶುಭಸಂದೇಶ 2:41-52)



ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಬಂತೆಂದರೆ ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ ಕೇಳಿಬರುತ್ತದೆ: "ಅಪ್ಪಾ, ಈ ಭಾನುವಾರ ಎಲ್ಲಿಗೆ ಹೋಗೋಣ?" ಅದಕ್ಕೆ ಉತ್ತರವೂ ಬಹುಮಟ್ಟಿಗೆ ಒಂದೇ: "ಮುಂದಿನ ವಾರ ನೋಡೋಣ." ಪಾರ್ಕಿಗೋ ಕೆರೆಯ ದಂಡೆಗೋ ಮಕ್ಕಳನ್ನು ಕರೆದುಕೊಂಡು ಹೋಗುವುದು ಒಂದು ಸಣ್ಣ ವಿಷಯ, ಅದಕ್ಕೂ ನಮ್ಮ ವಿಶ್ವಾಸದ ಬಾಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಬಹಳ ವರ್ಷ ಹಾಗೆಯೇ ಎಣಿಸಿದ್ದೆ. ಆ ಎಣಿಕೆ ತಪ್ಪೆಂದು ನನಗೆ ತಿಳಿಸಿಕೊಟ್ಟದ್ದು ಯಾವ ಗ್ರಂಥವೂ ಅಲ್ಲ, ದಾವಣಗೆರೆಯ ಒಂದು ಭಾನುವಾರದ ಸಂಜೆ.

ಕೆರೆಯ ದಂಡೆಯ ಮೇಲೆ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನಗೆ ಪರಿಚಯದ ಒಂದು ಕುಟುಂಬವಿದೆ. ಮನೆಯ ಯಜಮಾನ ಚಿಕ್ಕ ಹುಡುಗನಾಗಿದ್ದಾಗ, ಬೇರೊಂದು ಊರಿನ ಧರ್ಮಕೇಂದ್ರದಲ್ಲಿ, ನನ್ನ ಬಲಿಪೂಜೆಗೆ ಪೀಠಸೇವೆ ಮಾಡುತ್ತಿದ್ದ. ಅವನ ತಂದೆ ಅಲ್ಲಿಯ ಪಾಲನಾ ಪರಿಷತ್ತಿನ ಕಾರ್ಯದರ್ಶಿಯಾಗಿದ್ದು, ಎಲ್ಲ ಕೆಲಸಗಳಲ್ಲೂ ನನಗೆ ಬಲಗೈಯಂತಿದ್ದರು. ಈಗ ಅವರಿಲ್ಲ. ಮಗ ಕೆಲಸದ ನಿಮಿತ್ತ ದಾವಣಗೆರೆಗೆ ಬಂದು ನೆಲೆಸಿದ್ದಾನೆ. ಆ ಕಡೆ ಹೋದಾಗ ಊಟಕ್ಕೆ ಬರಲೇಬೇಕೆಂದು ಒತ್ತಾಯ ಮಾಡಿದ. ಹೋದೆ.

ಊಟವಾಗಿ ಸ್ವಲ್ಪ ವಿಶ್ರಮಿಸಿ ಏಳುವಷ್ಟರಲ್ಲಿ ಐದು ವರ್ಷದ ಅವನ ಮಗಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಫಾದರ್, ನೀವೂ ಬರ್ರಿ, ಕೆರೆಗೆ ಹೋಗಾಣ" ಎಂದಳು. ಪ್ರತಿ ಭಾನುವಾರ ಸಂಜೆ ಅಪ್ಪನ ಜೊತೆ ಹೊರಗೆ ಹೋಗುವುದು ಆ ಮನೆಯ ಕಟ್ಟಳೆಯಂತೆ. ಆ ದಿನ ನಾವು ಹೋದದ್ದು ಕುಂದುವಾಡ ಕೆರೆಗೆ. ಹೆದ್ದಾರಿಯ ಸಮೀಪದ ಈ ಕೆರೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಭದ್ರಾ ನಾಲೆಯ ನೀರು ಬಂದು ತುಂಬುವ ಈ ಕೆರೆ ದಾವಣಗೆರೆಯ ಜನರಿಗೆ ಕುಡಿಯುವ ನೀರನ್ನೂ ಕೊಡುತ್ತದೆ, ಸಂಜೆಯ ತಂಗಾಳಿಯನ್ನೂ ಕೊಡುತ್ತದೆ. ಬೆಂಗಳೂರಿನ ಲಾಲ್‌ಬಾಗಿನ ಮಾದರಿಯಲ್ಲಿ ಕಟ್ಟಿದ ಗಾಜಿನ ಮನೆಯೂ ಅಲ್ಲೇ ಹತ್ತಿರದಲ್ಲಿದೆ. ಮಗು ಮೊದಲು ಗಾಜಿನ ಮನೆಯ ಹೂಗಳ ನಡುವೆ ಓಡಿತು. ಆಮೇಲೆ ಏರಿಯ ಮೇಲೆ ನಿಂತು ಬೆಳ್ಳಕ್ಕಿಗಳನ್ನು ಎಣಿಸಲು ಹೊರಟಿತು. ಇಪ್ಪತ್ತರವರೆಗೆ ಬಂದು ಮುಂದಿನ ಸಂಖ್ಯೆ ಗೊತ್ತಾಗದೆ ಮತ್ತೆ ಒಂದರಿಂದ ಶುರು ಮಾಡಿತು.

ನಾವಿಬ್ಬರೂ ಕಲ್ಲುಬೆಂಚಿನ ಮೇಲೆ ಕುಳಿತೆವು. ಸ್ವಲ್ಪ ಹೊತ್ತಿನ ಬಳಿಕ ಅವನೇ ಮಾತು ತೆಗೆದ.

"ನಮ್ಮಪ್ಪ ನನ್ನನ್ನ ಹಿಂಗೆ ಹೊರಗೆ ಕರ್ಕೊಂಡು ಹೋಗಿದ್ದು ಒಂದೇ ಸಲ, ಫಾದರ್. ಹರಿಹರಕ್ಕೆ."

ಸೆಪ್ಟೆಂಬರ್ 8ರಂದು, ಆರೋಗ್ಯ ಮಾತೆಯ ಹಬ್ಬಕ್ಕೆ ಹೋಗಿದ್ದರಂತೆ. ಇಂದು ಬಸಿಲಿಕ ಎಂಬ ಗೌರವಕ್ಕೆ ಪಾತ್ರವಾಗಿರುವ ಆ ದೇವಾಲಯಕ್ಕೆ ಜಾತಿಮತ ಭೇದವಿಲ್ಲದೆ ಜನರು ಹರಕೆ ಹೊತ್ತು ಬರುವುದನ್ನು ನೀವು ಬಲ್ಲಿರಿ. ಬಲಿಪೂಜೆ ಮುಗಿದ ಮೇಲೆ ಬಸ್ಸಿಗೆ ಇನ್ನೂ ಸಮಯವಿತ್ತು. ತಂದೆ ಮಗನನ್ನು ತುಂಗಭದ್ರೆಯ ದಡಕ್ಕೆ ಕರೆದುಕೊಂಡು ಹೋದರು. ಕಾಗದದ ಪೊಟ್ಟಣದಲ್ಲಿ ಖಾರ ಮಂಡಕ್ಕಿ ಕೊಡಿಸಿದರು. ಯಾವಾಗಲೂ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಗಂಭೀರವಾಗಿರುತ್ತಿದ್ದ ಆ ಮನುಷ್ಯ ಒಂದು ಕಲ್ಲಿನ ಮೇಲೆ ಕುಳಿತು, ತಾನು ಹುಡುಗನಾಗಿದ್ದಾಗ ಶಾಲೆ ತಪ್ಪಿಸಿ ಹಳ್ಳದಲ್ಲಿ ಈಜಿದ ಕಥೆ ಹೇಳಿ ನಕ್ಕರಂತೆ.

"ಹೊಳೆ ತುಂಬಿತ್ತು, ಫಾದರ್. ಅಲ್ಲಿರೋತನಕ ಅಪ್ಪ ನನ್ನ ಕೈ ಬಿಡಲೇ ಇಲ್ಲ. ಅವರು ಅಷ್ಟು ಹೊತ್ತು ನನ್ನ ಕೈ ಹಿಡಿದದ್ದು ಅದೊಂದೇ ದಿನ."

"ಆಮೇಲೆ ಯಾಕೆ ಹೋಗಲಿಲ್ಲ?" ಎಂದು ಕೇಳಿದೆ.

"ಕೇಳ್ತಿದ್ದೆ. ಭಾನುವಾರ ಅಂದ್ರೆ ಮೀಟಿಂಗ್ ಇರ್ತಿತ್ತಲ್ಲ ಫಾದರ್. ಏಳನೇ ಕ್ಲಾಸಿಗೆ ಬರೋ ಹೊತ್ತಿಗೆ ಕೇಳೋದೇ ಬಿಟ್ಟೆ."

ಅವನ ದನಿಯಲ್ಲಿ ದೂರು ಇರಲಿಲ್ಲ. ಮಳೆ ಬಂದಿರಲಿಲ್ಲ ಎಂಬಷ್ಟು ಸಹಜವಾಗಿ ಹೇಳಿದ. ಆದರೆ ನನಗೆ ಮುಂದೆ ಮಾತು ಹೊರಡಲಿಲ್ಲ. ಏಕೆಂದರೆ ಆ ಮೀಟಿಂಗುಗಳನ್ನು ಕರೆಯುತ್ತಿದ್ದವನು ನಾನು. ಬೆಳಿಗ್ಗೆ ಬಲಿಪೂಜೆ, ಬಳಿಕ ಪಾಲನಾ ಪರಿಷತ್ತು, ಮಧ್ಯಾಹ್ನ ಹಬ್ಬದ ಸಮಿತಿ, ಸಂಜೆ ಲೆಕ್ಕಪತ್ರ. ಒಂದು ಸಭೆಯನ್ನೂ ತಪ್ಪಿಸದ ಆ ತಂದೆಯನ್ನು ಎಷ್ಟೋ ಸಲ ಪ್ರಬೋಧನೆಯಲ್ಲಿ ಮಾದರಿಯಾಗಿ ತೋರಿಸಿದ್ದೆ. ಅವರ ಅಂತ್ಯಕ್ರಿಯೆಯ ದಿನ, ತಮ್ಮ ಭಾನುವಾರಗಳನ್ನೆಲ್ಲ ದೇವರಿಗೆ ಕೊಟ್ಟ ಮನುಷ್ಯ ಎಂದು ಹೊಗಳಿದ್ದೆ. ಆ ಭಾನುವಾರಗಳಲ್ಲಿ ಸ್ವಲ್ಪ ಪಾಲು ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಗನದೂ ಆಗಿತ್ತು ಎಂಬುದು ಅಂದು ನನ್ನ ಮನಸ್ಸಿಗೆ ಹೊಳೆದಿರಲಿಲ್ಲ.

ಪವಿತ್ರ ಕುಟುಂಬದ ಪ್ರಯಾಣ

ಪ್ರಿಯರೇ, ಪವಿತ್ರ ಕುಟುಂಬ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ನಜರೇತಿನ ಮನೆ: ಬಡಗಿ ಕೆಲಸ ಮಾಡುತ್ತಿರುವ ಸಂತ ಜೋಸೆಫರು, ಮನೆಗೆಲಸದಲ್ಲಿರುವ ಮರಿಯಮ್ಮನವರು, ಪಕ್ಕದಲ್ಲಿ ಬಾಲಯೇಸು. ಆದರೆ ಯೇಸುವಿನ ಬಾಲ್ಯದ ದಿನಗಳಿಂದ ಸಂತ ಲೂಕನು ನಮಗಾಗಿ ಬರೆದಿಟ್ಟ ಒಂದೇ ಒಂದು ಘಟನೆ ನಡೆದದ್ದು ಮನೆಯೊಳಗಲ್ಲ, ಮನೆಯವರೆಲ್ಲ ಒಟ್ಟಿಗೆ ಹೊರಟ ಪ್ರಯಾಣದಲ್ಲಿ. ಪ್ರತಿ ವರ್ಷವೂ ಪಾಸ್ಕ ಹಬ್ಬಕ್ಕೆ ಅವರು ಜೆರುಸಲೇಮಿಗೆ ಹೋಗುತ್ತಿದ್ದರು. ನೂರು ಕಿಲೋಮೀಟರಿಗೂ ಮಿಕ್ಕಿದ ಕಾಲ್ನಡಿಗೆ. ದಾರಿಯಲ್ಲಿ ಬಂಧುಬಳಗ, ನೆರೆಹೊರೆ, ಬುತ್ತಿ, ಹಾಡು, ರಾತ್ರಿ ತಂಗುವ ಜಾಗ. ಆ ಬಡಗಿಯ ಕುಟುಂಬಕ್ಕೆ ವರ್ಷಕ್ಕೊಮ್ಮೆ ಬರುತ್ತಿದ್ದ ತೀರ್ಥಯಾತ್ರೆಯೂ ಅದೇ, ಪ್ರವಾಸವೂ ಅದೇ.

ಯೇಸು ಹನ್ನೆರಡು ವರ್ಷದವರಾಗಿದ್ದಾಗ ನಡೆದದ್ದು ನಿಮಗೆ ಗೊತ್ತು. ಹಬ್ಬ ಮುಗಿಸಿ ಹಿಂದಿರುಗುವಾಗ, ಮಗ ಗುಂಪಿನಲ್ಲೇ ಎಲ್ಲೋ ಇದ್ದಾನೆ ಎಂದು ಎಣಿಸಿ ತಂದೆತಾಯಿ ಒಂದು ದಿನದ ದಾರಿ ನಡೆದುಬಿಟ್ಟರು. ಇದ್ದಾನೆ ಎಂಬುದು ಅವರ ಎಣಿಕೆ. ಅವನಿರಲಿಲ್ಲ ಎಂಬುದು ನಿಜ.

ಈ ಮಾತನ್ನು ನಮ್ಮ ಮನೆಗೆ ತಂದು ನೋಡೋಣ. ಮಗು ಮನೆಯಲ್ಲೇ ಇದೆ, ಪಕ್ಕದ ಕೋಣೆಯಲ್ಲೇ ಇದೆ, ಊಟಕ್ಕೆ ನಮ್ಮ ಜೊತೆಯಲ್ಲೇ ಕುಳಿತಿದೆ. ಆದರೆ ಅದರ ಮನಸ್ಸು ಎಲ್ಲಿದೆ? ಯಾರಿಗೆ ಹೆದರುತ್ತಿದೆ? ಯಾವ ಗೆಳೆಯ ಮಾತು ಬಿಟ್ಟಿದ್ದಾನೆ? ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬಗಳ ಕುರಿತು ಬರೆದ 'ಅಮೋರಿಸ್ ಲೆತೀಶಿಯ' ಎಂಬ ಪತ್ರದಲ್ಲಿ ತಂದೆತಾಯಿಯರಿಗೆ ಇದನ್ನೇ ನೆನಪಿಸಿದ್ದರು: ಮಗು ಯಾವ ಜಾಗದಲ್ಲಿದೆ, ಯಾರ ಜೊತೆಗಿದೆ ಎಂದು ತಿಳಿದರೆ ಸಾಲದು, ಅದರ ಅಂತರಂಗ ಎತ್ತ ಸಾಗುತ್ತಿದೆ ಎಂದು ತಿಳಿಯಬೇಕು. ಇದು ಕಾವಲು ಕಾಯುವುದರಿಂದ ತಿಳಿಯುವುದಿಲ್ಲ, ಪ್ರಶ್ನೆಗಳ ಮಳೆ ಸುರಿಸುವುದರಿಂದಲೂ ತಿಳಿಯುವುದಿಲ್ಲ. ಮಗು ತನ್ನ ಮನಸ್ಸನ್ನು ಬಿಚ್ಚುವುದು ಅಕ್ಕಪಕ್ಕದಲ್ಲಿ ನಡೆಯುವಾಗ, ನೀರಿಗೆ ಕಲ್ಲೆಸೆಯುವಾಗ, ಒಂದೇ ಪೊಟ್ಟಣಕ್ಕೆ ಇಬ್ಬರೂ ಕೈ ಹಾಕಿ ಮಂಡಕ್ಕಿ ತಿನ್ನುವಾಗ.

ಕುಂದುವಾಡ ಕೆರೆಯ ಏರಿಯ ಮೇಲೆ ಅಂದು ನಾನು ಇನ್ನೊಂದು ನೋಟವನ್ನೂ ಕಂಡೆ. ಒಂದು ಕುಟುಂಬ ಸಾಲಾಗಿ ಕುಳಿತಿತ್ತು. ತಂದೆಯ ಕೈಯಲ್ಲಿ ಮೊಬೈಲು, ತಾಯಿಯ ಕೈಯಲ್ಲಿ ಮೊಬೈಲು, ದೊಡ್ಡ ಹುಡುಗನ ಕೈಯಲ್ಲೂ ಮೊಬೈಲು. ಸಣ್ಣ ಹುಡುಗ ಮಾತ್ರ "ಅಮ್ಮಾ ಅಲ್ನೋಡು, ಅಮ್ಮಾ ಅಲ್ನೋಡು" ಎನ್ನುತ್ತಾ ನೀರಿನಲ್ಲಿ ಮುಳುಗಿ ಏಳುತ್ತಿದ್ದ ಹಕ್ಕಿಯ ಕಡೆ ಬೆರಳು ತೋರಿಸುತ್ತಿದ್ದ. ಯಾರೂ ತಲೆಯೆತ್ತಲಿಲ್ಲ. ಕೆರೆಯವರೆಗೆ ಬಂದೂ ಆ ಮಗು ಒಂಟಿಯಾಗಿತ್ತು. ಆ ಕುಟುಂಬದವರನ್ನು ನಾನು ದೂಷಿಸಲಾರೆ. ಅವರ ಕೈಯಲ್ಲಿ ಮೊಬೈಲಿತ್ತು. ನನ್ನ ಕೈಯಲ್ಲಿ ಒಂದು ಕಾಲಕ್ಕೆ ಸಭೆಯ ನಡಾವಳಿ ಪುಸ್ತಕವಿತ್ತು.

ಮರಿಯ ಮತ್ತು ಜೋಸೆಫರ ದೊಡ್ಡತನ ಎಲ್ಲಿದೆ? ಅವರು ಮಗನನ್ನು ಎಂದೂ ಕಳೆದುಕೊಳ್ಳಲಿಲ್ಲ ಎಂಬುದರಲ್ಲಿ ಅಲ್ಲ. ಅವನಿಲ್ಲವೆಂದು ಗೊತ್ತಾದ ಕೂಡಲೇ ನಡೆದ ದಾರಿಯನ್ನೆಲ್ಲ ಬಿಟ್ಟು ಹಿಂದಕ್ಕೆ ತಿರುಗಿದರು ಎಂಬುದರಲ್ಲಿದೆ. ಕೆಲಸ ಕೆಡುತ್ತದೆ, ಗುಂಪು ಮುಂದೆ ಹೋಗುತ್ತದೆ, ಜನ ಏನೆನ್ನುತ್ತಾರೆ ಎಂದು ಲೆಕ್ಕ ಹಾಕಲಿಲ್ಲ. ಮೂರನೆಯ ದಿನ ಮಗ ಸಿಕ್ಕಿದ. ಅವನು ಅವರೊಡನೆ ನಜರೇತಿಗೆ ಬಂದು ಅವರಿಗೆ ವಿಧೇಯನಾಗಿದ್ದ ಎಂದು ಸಂತ ಲೂಕನು ಹೇಳುತ್ತಾನೆ. ತಡವಾಯಿತೆಂದು ಕೊರಗುವ ತಂದೆತಾಯಿಯರು ಇದನ್ನು ಗಮನಿಸಬೇಕು. ಹಿಂದಕ್ಕೆ ತಿರುಗುವುದಕ್ಕೆ ಇನ್ನೂ ದಾರಿಯಿದೆ.

ಹುಲ್ಲು ಸವೆಸಿದ ಹುಡುಗರು

ಮಕ್ಕಳ ಆಟ, ಓಟ, ತಿರುಗಾಟಗಳಿಗೂ ಆತ್ಮೋದ್ಧಾರಕ್ಕೂ ಸಂಬಂಧವಿದೆ ಎಂದು ನಮ್ಮ ಧರ್ಮಸಭೆಗೆ ಕಲಿಸಿಕೊಟ್ಟ ಒಬ್ಬ ಸಂತರಿದ್ದಾರೆ. ಅವರೇ ಸಂತ ಜಾನ್ ಬಾಸ್ಕೊ. 1815ರಲ್ಲಿ ಇಟಲಿಯ ಒಂದು ಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಂದೆಯ ಕೈ ಹಿಡಿದು ನಡೆಯುವ ಭಾಗ್ಯವಿಲ್ಲದೆ ಬೆಳೆದ ಆ ಹುಡುಗ ಮುಂದೆ ಸಾವಿರಾರು ಹುಡುಗರಿಗೆ ತಂದೆಯಾದರು.

1841ರಲ್ಲಿ ಗುರುದೀಕ್ಷೆ ಪಡೆದು ತುರಿನ್ ನಗರಕ್ಕೆ ಬಂದಾಗ ಅವರು ಕಂಡದ್ದು ಹಳ್ಳಿಗಳಿಂದ ಕೂಲಿಗೆ ಬಂದಿದ್ದ ಹುಡುಗರನ್ನು. ಗಾರೆ ಕೆಲಸದವರು, ಹೊಗೆಗೂಡು ಗುಡಿಸುವವರು, ಯಾರ ಆಸರೆಯೂ ಇಲ್ಲದವರು. ವಾರವಿಡೀ ದುಡಿತ, ಭಾನುವಾರ ಬೀದಿ. ಬಾಸ್ಕೊ ಅವರು ಭಾನುವಾರಗಳಲ್ಲಿ ಈ ಹುಡುಗರನ್ನು ಕೂಡಿಸಿ ಬಲಿಪೂಜೆ, ಧರ್ಮೋಪದೇಶ ನಡೆಸಿ, ಬಳಿಕ ಮನಸಾರೆ ಆಡಲು ಬಿಡುತ್ತಿದ್ದರು. ಊರ ಹೊರಗಿನ ದೇವಾಲಯಗಳಿಗೆ, ಗುಡ್ಡಗಳಿಗೆ ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಆದರೆ ಅವರನ್ನು ಯಾವ ಜಾಗದಲ್ಲೂ ನೆಲೆ ನಿಲ್ಲಗೊಡಲಿಲ್ಲ. ಗಲಾಟೆಯೆಂದು ಒಂದು ಕಡೆ, ಗಲೀಜೆಂದು ಇನ್ನೊಂದು ಕಡೆ. ಕಡೆಗೆ ಒಂದು ಹುಲ್ಲುಗಾವಲನ್ನು ಬಾಡಿಗೆಗೆ ಹಿಡಿದರು. ಹುಡುಗರು ತುಳಿದು ತುಳಿದು ಹುಲ್ಲಿನ ಬೇರನ್ನೂ ಉಳಿಸುತ್ತಿಲ್ಲ ಎಂದು ಅದರ ಮಾಲೀಕರೂ ಬಿಟ್ಟುಹೋಗಲು ಹೇಳಿದರು.

1846ರ ಗರಿಗಳ ಭಾನುವಾರವೇ ಆ ಹುಲ್ಲುಗಾವಲಿನಲ್ಲಿ ಅವರ ಕೊನೆಯ ದಿನ. ಮುಂದಿನ ಭಾನುವಾರ ಎಲ್ಲಿಗೆ ಬರಬೇಕು ಎಂದು ಹುಡುಗರಿಗೆ ಹೇಳಲು ಅವರ ಬಳಿ ಜಾಗವಿರಲಿಲ್ಲ. ಹುಡುಗರು ಆಡುತ್ತಿದ್ದರೆ ಬಾಸ್ಕೊ ಅವರು ಒಂದು ಬದಿಯಲ್ಲಿ ಕಣ್ಣೀರಿಡುತ್ತಿದ್ದರು. ಆ ಸಂಜೆಯೇ ಒಬ್ಬ ವ್ಯಕ್ತಿ ಬಂದು ಒಂದು ತಗ್ಗಾದ ಕೊಟ್ಟಿಗೆಯ ಸುದ್ದಿ ತಂದ. ಮುಂದಿನ ಭಾನುವಾರ, ಅಂದರೆ ಪಾಸ್ಕ ಹಬ್ಬದ ದಿನ, ಹುಡುಗರು ಅಲ್ಲಿ ಸೇರಿದರು. ಇಂದು ಲೋಕದ ನಾನಾ ಭಾಗಗಳಲ್ಲಿ ಹರಡಿರುವ ಸಲೇಷಿಯನ್ ಸಭೆಯ ಕೆಲಸ ಬೇರೂರಿದ್ದು ಆ ಕೊಟ್ಟಿಗೆಯಲ್ಲಿ. ಹುಲ್ಲಿನ ಬೇರು ಉಳಿಯಲಿಲ್ಲ, ಹುಡುಗರ ಬದುಕು ಬೇರುಬಿಟ್ಟಿತು.

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಗೆ ಈ ಕಥೆ ದೂರದ್ದಲ್ಲ. ಇಲ್ಲಿಗೂ ಹಳ್ಳಿಗಳಿಂದ ದುಡಿಯಲು ಬಂದವರಿದ್ದರು, ಇಂದೂ ಬರುತ್ತಿದ್ದಾರೆ. ಅವರ ಮಕ್ಕಳಿಗೂ ಆಡಲು ಜಾಗ ಬೇಕು. ಪ್ರವಾದಿ ಜೆಕರ್ಯನು ದೇವರು ಹರಸಿದ ನಗರದ ಗುರುತುಗಳನ್ನು ಹೇಳುವಾಗ ಅರಮನೆಯನ್ನೋ ಕೋಟೆಯನ್ನೋ ಹೇಳಲಿಲ್ಲ. ಊರುಗೋಲು ಹಿಡಿದು ಬೀದಿಯಲ್ಲಿ ಕುಳಿತ ಮುದುಕ ಮುದುಕಿಯರನ್ನೂ, ಅದೇ ಬೀದಿಗಳಲ್ಲಿ ಆಡುವ ಹುಡುಗ ಹುಡುಗಿಯರನ್ನೂ ಹೇಳಿದನು (ಜೆಕರ್ಯ 8:4-5). ಸಂಜೆ ಹೊತ್ತು ಬಡಾವಣೆಯ ಪಾರ್ಕಿನಲ್ಲಿ ಅಜ್ಜಂದಿರು ಬೆಂಚಿನ ಮೇಲೆ ಕುಳಿತಿರುವುದನ್ನೂ, ಮಕ್ಕಳು ಜಾರುಬಂಡೆಯ ಮುಂದೆ ಸಾಲು ನಿಂತಿರುವುದನ್ನೂ ನೋಡಿದಾಗ ಈ ಮಾತನ್ನು ನೆನೆಯಿರಿ.

ಭಾನುವಾರ ಯಾರದು?

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ತಿರುಗಾಟವಿದೆ ಎಂದು ಬಲಿಪೂಜೆಯನ್ನು ಬಿಡುವುದು ಸರಿಯಲ್ಲ. ಪ್ರಭುವಿನ ದಿನಕ್ಕೆ ಬಲಿಪೂಜೆಯೇ ಮೂಲ. ಅದನ್ನು ತೆಗೆದರೆ ಉಳಿಯುವುದು ಬರೀ ರಜೆ. ಆದರೆ ಬಲಿಪೂಜೆಗೆ ಹೋಗಿಬಂದರೆ ಭಾನುವಾರದ ಕರ್ತವ್ಯವೆಲ್ಲ ಮುಗಿಯಿತೆಂದು ತಿಳಿಯುವುದೂ ಸರಿಯಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1247ನೆಯ ವಿಧಿಯನ್ನು ನೋಡಿ. ವಿಶ್ವಾಸಿಗಳು ಬಲಿಪೂಜೆಯಲ್ಲಿ ಭಾಗವಹಿಸಬೇಕು ಎಂದು ಹೇಳುವ ಅದೇ ವಿಧಿ, ಪ್ರಭುವಿನ ದಿನಕ್ಕೆ ಉಚಿತವಾದ ಸಂತೋಷಕ್ಕೂ, ದೇಹ ಮನಸ್ಸುಗಳ ವಿಶ್ರಾಂತಿಗೂ ಅಡ್ಡಿಯಾಗುವ ಕೆಲಸಗಳನ್ನು ಬಿಡಬೇಕು ಎಂದೂ ಹೇಳುತ್ತದೆ. ಮೊದಲ ಅರ್ಧವನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು, ಎರಡನೆಯ ಅರ್ಧವನ್ನು ನಾವೇ ಮರೆತೆವು. ಜಗದ್ಗುರು ಎರಡನೇ ಜಾನ್ ಪೌಲರು 1998ರಲ್ಲಿ ಭಾನುವಾರದ ಕುರಿತು ಬರೆದ 'ದಿಯೆಸ್ ದೋಮಿನಿ' ಪತ್ರದಲ್ಲಿ ಒಂದು ಇಡೀ ಅಧ್ಯಾಯವನ್ನು ಸಂತೋಷ, ವಿಶ್ರಾಂತಿ, ಪರಸ್ಪರ ಸಹಾಯಗಳಿಗೆ ಮೀಸಲಿಟ್ಟರು.

ಈ ವಿಶ್ರಾಂತಿ ಯಾರಿಗೆ? ದೇವರ ಆಜ್ಞೆಯನ್ನು ಗಮನವಿಟ್ಟು ಓದಿ (ವಿಮೋಚನಾಕಾಂಡ 20:8-10). ಅಲ್ಲಿ ಮಗನ ಹೆಸರಿದೆ, ಮಗಳ ಹೆಸರಿದೆ, ಮನೆಯಾಳಿನ ಹೆಸರಿದೆ, ದನಕರುಗಳದೂ ಇದೆ. ಆದರೆ ನಮ್ಮ ಮನೆಗಳಲ್ಲಿ ಹೊರಗೆ ಹೋಗುವ ದಿನ ತಾಯಿ ನಾಲ್ಕು ಗಂಟೆಗೆ ಎದ್ದು ಚಿತ್ರಾನ್ನ, ಮೊಸರನ್ನ ಕಲಸಬೇಕು, ಎಲ್ಲರಿಗೂ ಬುತ್ತಿ ಕಟ್ಟಬೇಕು, ಅಲ್ಲಿ ಹೋಗಿ ಬಡಿಸಬೇಕು, ಮನೆಗೆ ಬಂದು ಪಾತ್ರೆ ತೊಳೆಯಬೇಕು. ಮಿಕ್ಕವರಿಗೆ ಪ್ರವಾಸ, ಅವಳಿಗೆ ಎರಡು ದಿನದ ದುಡಿಮೆ. ತಂದೆಯರೇ, ಆ ದಿನ ಈರುಳ್ಳಿ ಹೆಚ್ಚುವ ಕೆಲಸ ನಿಮ್ಮದಾಗಲಿ. ಮಕ್ಕಳು ನೀರಿನ ಬಾಟಲಿ ತುಂಬಲಿ. ಅದೂ ಆಗದಿದ್ದರೆ ಬ್ರೆಡ್ಡು ಬಾಳೆಹಣ್ಣು ಸಾಕು. ತಾಯಿಯ ಮುಖದಲ್ಲಿ ನಗೆಯಿದ್ದರೆ ಮಕ್ಕಳಿಗೆ ಅದೇ ಹಬ್ಬದೂಟ.

ಗುರುಗಳಾದ ನಮಗೂ ಒಂದು ಮಾತು. ದಣಿದು ಬಂದ ಶಿಷ್ಯರಿಗೆ ಯೇಸುಸ್ವಾಮಿ ಇನ್ನೊಂದು ಸಭೆಗೆ ಬನ್ನಿ ಎನ್ನಲಿಲ್ಲ. ಊಟ ಮಾಡಲೂ ಬಿಡುವಿಲ್ಲದ ಅವರನ್ನು ಏಕಾಂತ ಸ್ಥಳಕ್ಕೆ ಹೋಗಿ ಸ್ವಲ್ಪ ದಣಿವಾರಿಸಿಕೊಳ್ಳಲು ಕರೆದರು (ಮಾರ್ಕ 6:31). ಕೆರೆಯ ದಂಡೆಯಿಂದ ಬಂದ ಮೇಲೆ ನಾನಿರುವ ಧರ್ಮಕೇಂದ್ರದಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಬಲಿಪೂಜೆಯ ನಂತರ ಯಾವ ಸಭೆಯೂ ಇಲ್ಲ. ಮೊದಲ ಸಲ ಇದನ್ನು ಪ್ರಕಟಿಸಿದಾಗ ಪರಿಷತ್ತಿನ ಹಿರಿಯರೊಬ್ಬರು, "ಕೆಲಸ ನಿಲ್ಲುತ್ತಲ್ಲ ಫಾದರ್?" ಎಂದರು. ಕೆಲವು ಕೆಲಸ ನಿಂತದ್ದೂ ನಿಜ. ಹಬ್ಬದ ಲೆಕ್ಕಪತ್ರ ಮೂರು ವಾರ ತಡವಾಯಿತು. ಸತ್ತುಹೋದ ಆ ಗೆಳೆಯನಿಗೆ ಅವನ ಭಾನುವಾರಗಳನ್ನು ನಾನು ಹಿಂದಿರುಗಿಸಲಾರೆ. ಬದುಕಿರುವವರ ಭಾನುವಾರಗಳನ್ನಾದರೂ ಕಸಿಯದಿರಬೇಕು.

ದುಡ್ಡಿಲ್ಲದವರು ಏನು ಮಾಡಬೇಕು?

"ಫಾದರ್, ಪ್ರವಾಸ ಎಂದರೆ ಇಂದು ಸಾವಿರಾರು ರೂಪಾಯಿ. ನಮ್ಮಂಥವರಿಗೆ ಎಲ್ಲಿ ಸಾಧ್ಯ?" ಎಂದು ಕೆಲವರು ಕೇಳುತ್ತಾರೆ. ನಿಜ, ನೀರಿನಾಟದ ಪಾರ್ಕುಗಳಿಗೆ, ದೂರದ ಗಿರಿಧಾಮಗಳಿಗೆ ದುಡ್ಡು ಬೇಕು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಸಾಲ ಮಾಡಬೇಡಿ. ಆದರೆ ನಾನು ಹೇಳಿದ ಆ ಮಗನನ್ನು ನೆನೆಯಿರಿ. ಇಷ್ಟು ವರ್ಷವಾದರೂ ಅವನ ಮನಸ್ಸಿನಲ್ಲಿ ಉಳಿದದ್ದು ಒಂದು ಪೊಟ್ಟಣ ಮಂಡಕ್ಕಿ, ತುಂಬಿದ ಹೊಳೆ, ಬಿಡದೆ ಹಿಡಿದ ಕೈ.

ದೇವರು ನಮ್ಮ ಸುತ್ತಮುತ್ತ ಇಟ್ಟಿರುವುದನ್ನು ನೋಡಿ. ದಾವಣಗೆರೆಯವರಿಗೆ ಕುಂದುವಾಡ ಕೆರೆಯಿದೆ. ಚಿತ್ರದುರ್ಗದ ದಾರಿಯಲ್ಲಿ ಆನಗೋಡಿನ ಕಿರು ಮೃಗಾಲಯವಿದೆ. ಹರಿಹರದವರಿಗೆ ತುಂಗಭದ್ರೆಯಿದೆ, ಕೊಂಡಜ್ಜಿಯ ಗುಡ್ಡ ಮತ್ತು ಕೆರೆಯಿವೆ. ಚನ್ನಗಿರಿಯ ಕಡೆ ಶಾಂತಿಸಾಗರವೆಂದು ಕರೆಯುವ ಸೂಳೆಕೆರೆಯಿದೆ, ಅದರ ಏರಿಯ ಮೇಲೆ ನಿಂತರೆ ಮಗುವಿಗೆ ಸಮುದ್ರ ಕಂಡಷ್ಟೇ ಅಚ್ಚರಿ. ಯಾವುದೂ ಆಗದಿದ್ದರೆ ಬಡಾವಣೆಯ ಪಾರ್ಕು ಇದ್ದೇ ಇದೆ. ನೀರಿನ ಬಳಿ ಮಾತ್ರ ಮಕ್ಕಳ ಕೈ ಬಿಡಬೇಡಿ, ಕಣ್ಣನ್ನೂ ಬಿಡಬೇಡಿ.

ಇನ್ನೊಂದು ಕೆಲಸ ಮಾಡಿ. ನೀವು ಹೊರಡುವಾಗ ಒಂದು ಜಾಗವನ್ನು ಖಾಲಿ ಬಿಡಿ. ಔತಣಕ್ಕೆ ಮರಳಿ ಕರೆಯಲಾಗದವರನ್ನು ಕರೆಯಿರಿ ಎಂದು ಯೇಸುಸ್ವಾಮಿ ಹೇಳಿದ್ದಾರೆ (ಲೂಕ 14:12-14). ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆಯ ಮಗಳು, ತಂದೆಯಿಲ್ಲದ ಪಕ್ಕದ ಮನೆಯ ಹುಡುಗ, ಮೊಮ್ಮಕ್ಕಳು ಪರವೂರಿನಲ್ಲಿರುವ ಎದುರು ಮನೆಯ ಅಜ್ಜಿ, ಇವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ. ಆ ಮನೆಯವರು ಬೇರೆ ಮತದವರಾಗಿದ್ದರೆ ಇನ್ನೂ ಒಳ್ಳೆಯದು. ಧರ್ಮೋಪದೇಶದ ಹತ್ತು ಪಾಠಗಳು ಕಲಿಸದ್ದನ್ನು ನಿಮ್ಮ ಮಗು ಆ ಒಂದು ಸಂಜೆಯಲ್ಲಿ ಕಲಿಯುತ್ತದೆ.

ಚೂರುಗಳನ್ನು ಕೂಡಿಸಿ

ಐದು ಸಾವಿರ ಜನರಿಗೆ ಊಟವಿತ್ತ ಅದ್ಭುತವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಅದು ನಡೆದದ್ದು ಬಯಲಿನಲ್ಲಿ. ಅಲ್ಲಿ ಬೇಕಾದಷ್ಟು ಹುಲ್ಲಿತ್ತು ಎಂಬುದನ್ನೂ ಸಂತ ಯೊವಾನ್ನನು ಮರೆಯದೆ ಬರೆದಿದ್ದಾನೆ (ಯೊವಾನ್ನ 6:10). ಜನರು ಹುಲ್ಲಿನ ಮೇಲೆ ಕುಳಿತರು, ಒಬ್ಬ ಹುಡುಗನ ಬುತ್ತಿಯಿಂದ ಎಲ್ಲರೂ ಉಂಡರು. ಊಟವಾದ ಮೇಲೆ ಸ್ವಾಮಿ ಹೇಳಿದ್ದೇನು? ಉಳಿದ ಚೂರುಗಳನ್ನು ಕೂಡಿಸಿರಿ, ಏನೂ ಹಾಳಾಗಬಾರದು ಎಂದು. ಹುಲ್ಲಿನ ಮೇಲೆ ಏನನ್ನೂ ಬಿಟ್ಟುಹೋಗಲಿಲ್ಲ, ಹನ್ನೆರಡು ಬುಟ್ಟಿಗಳಲ್ಲಿ ತುಂಬಿಸಿಕೊಂಡು ಹೋದರು.

ನಾವು ಎದ್ದುಬಂದ ಜಾಗ ಹೇಗಿರುತ್ತದೆ? ಪ್ಲಾಸ್ಟಿಕ್ ಚೀಲ, ಕುರುಕಲು ತಿಂಡಿಯ ಪೊಟ್ಟಣ, ನೀರಿನ ಬಾಟಲಿ. ಕುಡಿಯುವ ನೀರಿನ ಕೆರೆಯ ಏರಿಯ ಮೇಲೆ ನಾವು ಬಿಟ್ಟುಬಂದದ್ದು ಗಾಳಿಗೆ ಹಾರಿ ಬೀಳುವುದು ನಮ್ಮ ಮಕ್ಕಳೇ ಕುಡಿಯುವ ನೀರಿಗೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೊ ಸಿ' ವಿಶ್ವಪತ್ರದಲ್ಲಿ ಈ ಭೂಮಿಯನ್ನು ನಾವೆಲ್ಲರೂ ಹಂಚಿಕೊಂಡ ಮನೆ ಎಂದು ಕರೆದರು. ದೊಡ್ಡ ಮಾತು ಎನಿಸಿದರೆ ಸಣ್ಣದಾಗಿ ಆರಂಭಿಸಿ. ಹೊರಡುವಾಗ ಒಂದು ಖಾಲಿ ಚೀಲವನ್ನು ಮಗುವಿನ ಕೈಗೆ ಕೊಡಿ. ಬರುವಾಗ ಅದು ತುಂಬಿರಲಿ. ನೀವೂ ಮಗುವಿನ ಜೊತೆ ಬಗ್ಗಿ ಹೆಕ್ಕಿರಿ.

ಕತ್ತಲಾಗುವ ಹೊತ್ತಿಗೆ

ಅಂದು ಕೆರೆಯಿಂದ ಹೊರಡುವಾಗ ಕತ್ತಲಾಗುತ್ತಾ ಬಂದಿತ್ತು. ಬೆಳ್ಳಕ್ಕಿಗಳು ಮರಗಳ ಕಡೆ ಹಾರಿಹೋಗಿದ್ದವು. ಮಗು ನಡೆಯಲಾರದೆ ತಂದೆಯ ಹೆಗಲೇರಿತ್ತು. "ನಾಳೆನೂ ಬರಾಣೇನಪ್ಪ?" ಎಂದು ಕೇಳಿತು. "ನಾಳೆ ಆಫೀಸೈತಲ್ಲವ್ವ, ಮುಂದಿನ ವಾರ ಬರಾಣ" ಎಂದ. ನಾನು ಬೆಚ್ಚಿ ಅವನ ಮುಖ ನೋಡಿದೆ. ಅವನಿಗೆ ಅರ್ಥವಾಯಿತು. "ಇಲ್ಲ ಫಾದರ್, ಮುಂದಿನ ವಾರ ಬಂದೇ ಬರ್ತೀವಿ" ಎಂದು ನಕ್ಕ. ಮಗು ಆಗಲೇ ಕಣ್ಣು ಮುಚ್ಚಿತ್ತು. ಅದಕ್ಕೆ ಆ ಮಾತಿನ ಮೇಲೆ ನಂಬಿಕೆಯಿತ್ತು.

ತಂದೆತಾಯಿಯರೇ, ಸ್ವರ್ಗದಲ್ಲಿರುವ ತಂದೆಯ ಮೇಲೆ ನಂಬಿಕೆಯಿಡಲು ಮಗು ಮೊದಲು ಕಲಿಯುವುದು ಹೀಗೆ. ಅಪ್ಪ ಹೇಳಿದ ಮುಂದಿನ ವಾರ ನಿಜವಾಗಿ ಬಂದಾಗ, ದೇವರ ವಾಗ್ದಾನವೂ ಬರುತ್ತದೆ ಎಂದು ಅದು ನಂಬಬಲ್ಲದು. ನಿಮ್ಮ ಮಗು ಇನ್ನೂ ಕೇಳುತ್ತಿದ್ದರೆ ದೇವರಿಗೆ ಕೃತಜ್ಞತೆ ಸಲ್ಲಿಸಿ, ಈ ವಾರವೇ ಹೊರಡಿ. ಕೇಳುವುದನ್ನು ಬಿಟ್ಟಿದ್ದರೆ, ಮರಿಯ ಮತ್ತು ಜೋಸೆಫರಂತೆ ಹಿಂದಕ್ಕೆ ತಿರುಗಿ ಹುಡುಕಿ. ಅದು ಕೇಳಲಿ ಎಂದು ಕಾಯಬೇಡಿ, ನೀವೇ ಕೇಳಿ: "ಬರ್ತೀಯೇನಪ್ಪ, ಹಂಗೇ ಒಂದು ಸುತ್ತು ಹೋಗಿಬರಾಣ?"

ಕುಟುಂಬದಲ್ಲಿ ಮಾತನಾಡಿಕೊಳ್ಳಲು

1. ನಾವೆಲ್ಲರೂ ಒಟ್ಟಿಗೆ ಮನೆಯಿಂದ ಹೊರಗೆ ಹೋಗಿ ಸಂತೋಷವಾಗಿ ಕಳೆದ ಕೊನೆಯ ದಿನ ಯಾವುದು? ಅಂದಿನ ಯಾವ ಮಾತು ಮಕ್ಕಳಿಗೆ ನೆನಪಿದೆ?

2. ನಮ್ಮ ಭಾನುವಾರದಲ್ಲಿ ಬಲಿಪೂಜೆಯ ನಂತರದ ಹೊತ್ತನ್ನು ಯಾವುದು ತಿಂದುಹಾಕುತ್ತಿದೆ? ಅದರಲ್ಲಿ ಏನನ್ನು ಬಿಡಬಹುದು?

3. ಮುಂದಿನ ಸಲ ಹೊರಡುವಾಗ ನಮ್ಮ ಜೊತೆ ಯಾರನ್ನು ಕರೆದುಕೊಂಡು ಹೋಗೋಣ?

ಪ್ರಾರ್ಥನೆ

ತಂಗಾಳಿ ಬೀಸುವ ಸಂಜೆಯಲ್ಲಿ ತೋಟದೊಳಗೆ ಮನುಷ್ಯನನ್ನು ಹುಡುಕುತ್ತಾ ಬಂದ ದೇವರೇ, ನಮ್ಮ ಮಕ್ಕಳ ಜೊತೆ ನಡೆಯಲು ನಮಗೆ ಬಿಡುವನ್ನೂ ಮನಸ್ಸನ್ನೂ ಕೊಡು. ನಾವು ಕಳೆದುಕೊಂಡ ಭಾನುವಾರಗಳನ್ನು ಕ್ಷಮಿಸು. ನಮ್ಮ ಕೈಯಲ್ಲಿರುವುದನ್ನು ಕೆಳಗಿಟ್ಟು ಅವರ ಕೈ ಹಿಡಿಯುವುದನ್ನು ಕಲಿಸು. ಆಡಲು ಜಾಗವಿಲ್ಲದ, ಕರೆದೊಯ್ಯಲು ಯಾರೂ ಇಲ್ಲದ ಮಕ್ಕಳನ್ನು ನಾವು ಕಾಣುವಂತೆ ಮಾಡು. ಪವಿತ್ರ ಕುಟುಂಬದ ದಾರಿ ನಮ್ಮ ಕುಟುಂಬದ ದಾರಿಯೂ ಆಗಲಿ. ಆಮೆನ್.